ಮಳೆ ಪುಸ್ತಕದಲ್ಲಿ ಕಣ್ಣಿನ ಲೆಕ್ಕ: ಗ್ಲಾಕೋಮಾ ತಪಾಸಣೆ ಮಾಡಿಸಿಕೊಳ್ಳುವುದು ಹೇಗೆ

ಸುಂಟಿಕೊಪ್ಪದ ಹತ್ತಿರ ಒಂದು ಕಾಫಿ ತೋಟದಲ್ಲಿ ನಾನು ರೈಟರ್. ಆಳು ಲೆಕ್ಕ, ತೂಕದ ಲೆಕ್ಕ, ಗೊಬ್ಬರದ ದಾಸ್ತಾನು ಬರೆಯುವುದು ನನ್ನ ಕೆಲಸ. ಬೆಳಗ್ಗೆ ಎಂಟಕ್ಕೆ ಮಳೆ ಅಳೆದು ಇಂಚು, ಸೆಂಟ್ ಲೆಕ್ಕದಲ್ಲಿ ಬರೆದಿಡುವುದೂ ನನ್ನದೇ. 2015ರ ಜನವರಿಯಲ್ಲಿ ರೊಬಸ್ಟಾ ಕೊಯ್ಲು ಜೋರಾಗಿತ್ತು. ಒಂದು ಸಂಜೆ ತೂಕದ ಹೊತ್ತಿನಲ್ಲಿ, ಎಡಗಡೆಯಿಂದ ಚೀಲ ಹೊತ್ತು ಬರುತ್ತಿದ್ದ ಹೆಂಗಸಿಗೆ ಡಿಕ್ಕಿ ಹೊಡೆದೆ. ಆ ವಾರದಲ್ಲಿ ಅದು ಮೂರನೇ ಸಲ. ಆಕೆ ಚೀಲ ಇಳಿಸಿ, "ರೈಟ್ರೇ, ಈ ಕಡೆ ನೀವು ನೋಡೋದೇ ಇಲ್ವಲ್ಲ" ಅಂದಳು.

ಆಕೆ ಹೇಳಿದ್ದು ಅಕ್ಷರಶಃ ನಿಜವಾಗಿತ್ತು. ಆದರೆ ನನಗೆ ತಕ್ಕಡಿಯ ಮುಳ್ಳು ಕಾಣುತ್ತಿತ್ತು, ಪುಸ್ತಕದ ಸಣ್ಣ ಅಂಕಿ ಕಾಣುತ್ತಿತ್ತು. ಅದಕ್ಕೆ ಎರಡು ತಿಂಗಳ ಹಿಂದೆಯಷ್ಟೇ ಒಂದು ಕನ್ನಡಕದ ಅಂಗಡಿಯಲ್ಲಿ ಗೋಡೆಯ ಮೇಲಿನ ಅಕ್ಷರಗಳನ್ನು ಕೊನೆಯ ಸಾಲಿನವರೆಗೂ ಓದಿದ್ದೆ. "ಕಣ್ಣು ಚೆನ್ನಾಗಿದೆ, ಓದೋಕೆ ಮಾತ್ರ ಕನ್ನಡಕ ಸಾಕು" ಎಂದು ಕಳಿಸಿದ್ದರು. ಆಮೇಲೆ ಮಾವನ ಪೊರೆ ಆಪರೇಷನ್‌ಗೆಂದು ಮೈಸೂರಿಗೆ ಹೋದಾಗ, ಬಂದಿದ್ದೇವಲ್ಲ ಎಂದು ನನ್ನ ಕಣ್ಣನ್ನೂ ತೋರಿಸಿದೆ. ಪ್ರೆಶರ್, ಅಂದರೆ ಕಣ್ಣಿನೊಳಗಿನ ಒತ್ತಡ, ಬಲಗಣ್ಣಿನಲ್ಲಿ 26, ಎಡಗಣ್ಣಿನಲ್ಲಿ 31. ಎಡಗಣ್ಣಿನ ನರ ಆಗಲೇ ಬಹಳ ಹಾಳಾಗಿತ್ತು. ನನಗೆ ಆಗ ನಲವತ್ತೊಂಬತ್ತು.

ಅಕ್ಷರ ಓದಿಸುವುದು ಕಣ್ಣಿನ ತಪಾಸಣೆಯ ಮೊದಲ ಮೆಟ್ಟಿಲು ಅಷ್ಟೇ. ಅಲ್ಲಿಗೆ ಮುಗಿಸಿ ಬಂದವರಲ್ಲಿ ಗ್ಲಾಕೋಮಾ ಇದ್ದರೂ ಗೊತ್ತಾಗುವುದಿಲ್ಲ. ಆದ್ದರಿಂದ ಏನು ಕೇಳಬೇಕು, ಹೇಗೆ ಹೋಗಬೇಕು, ಬಂದ ಮೇಲೆ ಏನು ಮಾಡಬೇಕು ಎಂಬುದನ್ನು ನಾನು ಕಲಿತ ಹಾಗೇ ಬರೆಯುತ್ತಿದ್ದೇನೆ.

ಮೊದಲು, ಇದು ಏನು

ತೋಟದವರಿಗೆ ಬಸಿಗಾಲುವೆ ಗೊತ್ತು. ಮಳೆಗಾಲದ ಮೊದಲು ಹೂಳು ತೆಗೆಯದಿದ್ದರೆ ನೀರು ನಿಲ್ಲುತ್ತದೆ. ನಿಂತ ನೀರಿಗೆ ಬೇರು ಕೊಳೆಯುತ್ತದೆ. ಮೇಲೆ ಎಲೆ ಹಸಿರಾಗಿಯೇ ಇರುತ್ತದೆ, ಗಿಡ ಬಾಡಿದ್ದು ಕಣ್ಣಿಗೆ ಬೀಳುವ ಹೊತ್ತಿಗೆ ಕೆಳಗೆ ಏನೂ ಉಳಿದಿರುವುದಿಲ್ಲ. ಕಣ್ಣಿನೊಳಗೂ ಮುಂಭಾಗದಲ್ಲಿ ಒಂದು ತಿಳಿನೀರು ಹಗಲೂ ರಾತ್ರಿ ಹುಟ್ಟುತ್ತಿರುತ್ತದೆ. ಅದು ಕಣ್ಣೀರಲ್ಲ, ಬೇರೆ. ಹುಟ್ಟಿದಷ್ಟೂ ಒಂದು ಮೂಲೆಯ ಜಾಲರಿಯಂಥ ದಾರಿಯಲ್ಲಿ ಬಸಿದು ಹೋಗಬೇಕು. ಆ ದಾರಿ ಕಟ್ಟಿಕೊಂಡರೆ ಒಳಗೆ ಒತ್ತಡ ಏರುತ್ತದೆ, ಕಣ್ಣಿನಿಂದ ಮಿದುಳಿಗೆ ಹೋಗುವ ನರ ನಲುಗುತ್ತದೆ. ಆ ನರದಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಎಳೆಗಳಿವೆ. ಒಂದೊಂದಾಗಿ ಸಾಯುತ್ತಾ ಹೋಗುತ್ತವೆ. ಸತ್ತ ಎಳೆ ಮತ್ತೆ ಚಿಗುರುವುದಿಲ್ಲ. ಹೀಗೆ ನರ ಸಾಯುವ ಕಾಯಿಲೆಯೇ ಗ್ಲಾಕೋಮಾ.

ಹೆಚ್ಚಿನವರಿಗೆ ನೋವಿಲ್ಲ, ಕೆಂಪಿಲ್ಲ. ದೃಷ್ಟಿ ಹೋಗುವುದು ಅಂಚಿನಿಂದ, ನಡುಭಾಗ ಕೊನೆಯವರೆಗೂ ಉಳಿದಿರುತ್ತದೆ. ಹೋದ ಜಾಗದಲ್ಲಿ ಕಪ್ಪು ಕಾಣುತ್ತದೆ ಎಂದು ನಾನೂ ತಿಳಿದಿದ್ದೆ. ಹಾಗಲ್ಲ. ಒಂದು ಕಣ್ಣಿಗೆ ಕಾಣದ್ದನ್ನು ಇನ್ನೊಂದು ತುಂಬಿಕೊಡುತ್ತದೆ, ಉಳಿದದ್ದನ್ನು ಮಿದುಳೇ ಸುತ್ತಲಿನ ಹಸಿರಿನಿಂದ ಮುಚ್ಚಿಬಿಡುತ್ತದೆ. ಚೀಲ ಹೊತ್ತ ಹೆಂಗಸಿದ್ದ ಜಾಗದಲ್ಲಿ ನನಗೆ ಕಂಡಿದ್ದು ಖಾಲಿ ಕಣ.

ಕಣ್ಣಿನ ಪ್ರೆಶರ್ ಬೇರೆ, ಬಿಪಿ ಬೇರೆ. "ನನಗೆ ಬಿಪಿ ಇಲ್ಲ, ಹಾಗಾಗಿ ಕಣ್ಣಿನದ್ದೂ ಇರಲ್ಲ" ಎನ್ನುವವರನ್ನು ದಿನಾ ನೋಡುತ್ತೇನೆ. ತೋಳಿಗೆ ಪಟ್ಟಿ ಕಟ್ಟಿ ಅಳೆದರೆ ಕಣ್ಣಿನ ಪ್ರೆಶರ್ ತಿಳಿಯುವುದಿಲ್ಲ. ಅದನ್ನು ಕಣ್ಣಿನಲ್ಲೇ ಅಳೆಯಬೇಕು. ಸಾಮಾನ್ಯವಾಗಿ 10ರಿಂದ 21 ಮಿಲಿಮೀಟರ್ ಪಾದರಸದೊಳಗೆ ಇರುತ್ತದೆ. ಆದರೆ ಕೆಲವರಿಗೆ 16 ಇದ್ದರೂ ನರ ಸವೆಯುತ್ತದೆ, ಕೆಲವರಿಗೆ 24 ಇದ್ದರೂ ನರ ಗಟ್ಟಿಯಾಗಿರುತ್ತದೆ. ಅದಕ್ಕೇ ಪ್ರೆಶರ್ ಒಂದನ್ನೇ ನೋಡಿದರೂ ಸಾಲದು.

ಪೊರೆಯೂ ಇದೂ ಒಂದೇ ಅಲ್ಲ ಎಂಬುದನ್ನು ನನ್ನ ಅವ್ವನ ಕಣ್ಣು ಹೋದ ಮೇಲೆ ಕಲಿತೆ. ಅವಳಿಗೆ ಅರವತ್ತು ದಾಟಿದಾಗ ಹೊಸಿಲು ಎಡವುವುದು, ಒಲೆಯ ಪಕ್ಕದ ಪಾತ್ರೆ ತಗುಲಿ ಬೀಳಿಸುವುದು ಶುರುವಾಯಿತು. ರಾತ್ರಿ ನಂದಿಬಟ್ಟಲು ಹೂವನ್ನು ಕಣ್ಣಿನ ಮೇಲಿಟ್ಟುಕೊಂಡು ಮಲಗುತ್ತಿದ್ದಳು. ಊರಿಗೆ ಬಂದಿದ್ದ ಒಂದು ಶಿಬಿರದಲ್ಲಿ ಟಾರ್ಚ್ ಬಿಟ್ಟು ನೋಡಿ, "ಪೊರೆ ಇನ್ನೂ ಬಲಿತಿಲ್ಲ, ಬಲಿತ ಮೇಲೆ ಬನ್ನಿ" ಎಂದರು. ಎರಡು ವರ್ಷ ಕಾದೆವು. ಪೊರೆ ತೆಗೆಸಿದ ಮೇಲೂ ಬೆಳಕು ಬರಲಿಲ್ಲ. ಪೊರೆಯ ಹಿಂದೆ ನರ ಸತ್ತಿತ್ತು. ಶಿಬಿರದಲ್ಲಿ ಆ ದಿನ ಒಬ್ಬರಾದರೂ ಪ್ರೆಶರ್ ನೋಡಿದ್ದರೆ ಅವ್ವ ಕೊನೆಯ ಏಳು ವರ್ಷ ಗೋಡೆ ಹಿಡಿದು ನಡೆಯಬೇಕಾಗಿರಲಿಲ್ಲ ಎಂಬ ಸಂಕಟ ನನಗೆ ಇವತ್ತಿಗೂ ಇದೆ. ಪೊರೆ ತೆಗೆದರೆ ದೃಷ್ಟಿ ಬರುತ್ತದೆ, ಅದಕ್ಕೆ ಕಾಯಬಹುದು. ಗ್ಲಾಕೋಮಾಗೆ ಕಾಯುವ ಹಾಗಿಲ್ಲ.

ಯಾರು, ಯಾವಾಗ ಹೋಗಬೇಕು

ನಲವತ್ತು ತುಂಬಿದವರೆಲ್ಲ ಒಮ್ಮೆ ಪೂರ್ತಿ ತಪಾಸಣೆ ಮಾಡಿಸಿಕೊಳ್ಳಿ. ಎಲ್ಲ ಸರಿಯಿದ್ದರೆ ಎರಡು ವರ್ಷಕ್ಕೊಮ್ಮೆ, ಅರವತ್ತರ ಮೇಲೆ ವರ್ಷಕ್ಕೊಮ್ಮೆ ಇಟ್ಟುಕೊಂಡರೆ ಒಳ್ಳೆಯದು. ಅಪ್ಪ, ಅವ್ವ, ಅಣ್ಣ, ತಮ್ಮ, ಅಕ್ಕ, ತಂಗಿ ಇವರಲ್ಲಿ ಯಾರಿಗಾದರೂ ಗ್ಲಾಕೋಮಾ ಇದ್ದರೆ ನಲವತ್ತಕ್ಕೆ ಕಾಯಬೇಡಿ, ನಿಮಗೆ ಬರುವ ಸಾಧ್ಯತೆ ಉಳಿದವರಿಗಿಂತ ಹಲವು ಪಟ್ಟು ಹೆಚ್ಚು. ಸಕ್ಕರೆ ಕಾಯಿಲೆ ಇದ್ದವರು, ದೂರದ್ದು ಕಾಣದೆ ದೊಡ್ಡ ಮೈನಸ್ ಕನ್ನಡಕ ಹಾಕುವವರು ಕೂಡ ಮುಂಚೆಯೇ ಹೋಗಬೇಕು.

ನಮ್ಮ ಕೊಡಗಿನಲ್ಲಿ ಇನ್ನೆರಡು ಗುಂಪಿನವರನ್ನು ಸೇರಿಸಬೇಕು. ಒಂದು, ಕಣ್ಣಿಗೆ ಪೆಟ್ಟು ಬಿದ್ದವರು. ಚೆಂಡು ಬಡಿದಿರಬಹುದು, ನಮ್ಮಲ್ಲಿ ಹಾಕಿ ಆಡದ ಊರಿಲ್ಲ. ರೆಂಬೆ ಕಡಿಯುವಾಗ ಕೊಂಬೆ ಹಾರಿ ಹೊಡೆದಿರಬಹುದು. ಆ ವಾರ ಕಣ್ಣು ಕೆಂಪಾಗಿ ವಾಸಿಯಾಗಿರುತ್ತದೆ. ಒಳಗಿನ ಬಸಿಯುವ ದಾರಿ ಹರಿದಿದ್ದರೆ ಪ್ರೆಶರ್ ಏರುವುದು ಹತ್ತು ವರ್ಷದ ಮೇಲಾದರೂ ಆಗಬಹುದು. ಎರಡು, ಸ್ಟಿರಾಯ್ಡ್ ಬಳಸುವವರು. ಕಾಫಿ ಕಡ್ಡಿ ಚುಚ್ಚಿ ಕೆಂಪಾದ ಕಣ್ಣಿಗೆ ಯಾವಾಗಲೋ ಬರೆದುಕೊಟ್ಟ ಡ್ರಾಪ್ಸನ್ನು ಮೆಡಿಕಲ್‌ನಲ್ಲಿ ಮತ್ತೆ ಮತ್ತೆ ಕೊಂಡು ಹಾಕುವ ಅಭ್ಯಾಸ ತೋಟದ ಆಳುಗಳ ಲೈನ್ ಮನೆಗಳಲ್ಲಿ ಬಹಳ. ಅದರಲ್ಲಿ ಸ್ಟಿರಾಯ್ಡ್ ಇದ್ದರೆ ಕಣ್ಣು ಬೆಳ್ಳಗಾಗುತ್ತದೆ, ಒಳಗೆ ಪ್ರೆಶರ್ ಸದ್ದಿಲ್ಲದೆ ಏರುತ್ತದೆ. ಡಾಕ್ಟರು ಎಷ್ಟು ದಿನ ಎಂದಿದ್ದಾರೋ ಅಷ್ಟೇ ದಿನ ಹಾಕಿ, ಉಳಿದದ್ದನ್ನು ಬಿಸಾಡಿ. ಸ್ಟಿರಾಯ್ಡ್ ಮಾತ್ರೆ, ಉಬ್ಬಸದ ಇನ್‌ಹೇಲರ್ ತುಂಬಾ ಕಾಲದಿಂದ ತೆಗೆದುಕೊಳ್ಳುವವರು ಅದನ್ನು ನಿಲ್ಲಿಸಬೇಡಿ, ಆದರೆ ಕಣ್ಣಿನ ಪ್ರೆಶರ್ ನೋಡಿಸಿ.

ತಮಿಳುನಾಡಿನಲ್ಲಿ ಮನೆಮನೆಗೆ ಹೋಗಿ ಮಾಡಿದ ಸಮೀಕ್ಷೆಗಳಲ್ಲಿ ಗ್ಲಾಕೋಮಾ ಸಿಕ್ಕವರ ಪೈಕಿ ಹತ್ತರಲ್ಲಿ ಒಂಬತ್ತು ಜನರಿಗೆ ಅದುವರೆಗೆ ತಮಗೆ ಆ ಕಾಯಿಲೆ ಇರುವುದೇ ಗೊತ್ತಿರಲಿಲ್ಲ. ನಮ್ಮ ಸಂತೆಯಲ್ಲಿ ಎದುರಾಗುವ ಜನರಲ್ಲೂ ಹಾಗೆಯೇ ಇರಬೇಕು ಎಂದು ನನಗೆ ಅನ್ನಿಸುತ್ತದೆ.

ಡಾಕ್ಟರ ಹತ್ತಿರ ಏನು ಕೇಳಬೇಕು

"ಕಣ್ಣು ಟೆಸ್ಟ್ ಮಾಡಿ" ಎಂದರೆ ಕನ್ನಡಕದ ನಂಬರ್ ಮಾತ್ರ ಸಿಗಬಹುದು. "ಗ್ಲಾಕೋಮಾ ಇದೆಯಾ ನೋಡಿ, ಪ್ರೆಶರ್ ಮತ್ತು ನರ ಎರಡನ್ನೂ ನೋಡಿ" ಎಂದು ಬಾಯಿಬಿಟ್ಟು ಕೇಳಿ. ಮನೆಯಲ್ಲಿ ಯಾರಿಗಾದರೂ ಇದ್ದರೆ ಅದನ್ನು ಮೊದಲು ಹೇಳಿ.

ಪ್ರೆಶರನ್ನು ಎರಡು ರೀತಿ ನೋಡುತ್ತಾರೆ. ಒಂದರಲ್ಲಿ ಕಣ್ಣಿಗೆ ಫಕ್ ಎಂದು ಗಾಳಿ ಹೊಡೆಯುತ್ತದೆ. ಇನ್ನೊಂದರಲ್ಲಿ ಮರಗಟ್ಟಿಸುವ ಹನಿ ಹಾಕಿ, ನೀಲಿ ಬೆಳಕಿನ ಸಣ್ಣ ತುದಿಯನ್ನು ಕಣ್ಣಿಗೆ ಮುಟ್ಟಿಸುತ್ತಾರೆ. ನೋವಾಗುವುದಿಲ್ಲ. ಎರಡನೆಯದು ಹೆಚ್ಚು ನಿಖರ. ಮುಂದಿನ ಪಾರದರ್ಶಕ ಪದರ, ಅಂದರೆ ಕಾರ್ನಿಯಾ, ತೆಳ್ಳಗಿದ್ದವರಲ್ಲಿ ಪ್ರೆಶರ್ ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ. ಹಾಗಾಗಿ ಅದರ ದಪ್ಪವನ್ನೂ ಒಮ್ಮೆ ಅಳೆಯುತ್ತಾರೆ. ಆಮೇಲೆ ಒಂದು ಕನ್ನಡಿಯುಳ್ಳ ಲೆನ್ಸ್ ಇಟ್ಟು ಬಸಿಯುವ ಮೂಲೆ ತೆರೆದಿದೆಯೋ ಕಿರಿದಾಗಿದೆಯೋ ನೋಡುತ್ತಾರೆ. ಕೊನೆಗೆ ಹನಿ ಹಾಕಿ ಪಾಪೆ ಹಿಗ್ಗಿಸಿ ಹಿಂದಿನ ನರವನ್ನು ನೋಡುತ್ತಾರೆ. ನರದ ತಲೆಯಲ್ಲಿ ಒಂದು ಗುಳಿ ಇರುತ್ತದೆ, ಎಳೆಗಳು ಸತ್ತಷ್ಟೂ ಅದು ಅಗಲವಾಗುತ್ತದೆ. ನನ್ನ ಎಡಗಣ್ಣಿನದ್ದು 0.8 ಇತ್ತು, ಅಂದರೆ ಅಗಲದ ಹತ್ತರಲ್ಲಿ ಎಂಟು ಭಾಗ ಗುಳಿಯೇ. ಈ ಅಂಕಿಯನ್ನು ಕೇಳಿ ಬರೆದುಕೊಳ್ಳಿ.

ಸಂಶಯ ಬಂದರೆ ಸುತ್ತಲ ದೃಷ್ಟಿ ಎಷ್ಟಿದೆ ಎಂದು ನೋಡುವ ಫೀಲ್ಡ್ ಟೆಸ್ಟ್ ಮತ್ತು ಓಸಿಟಿ ಸ್ಕ್ಯಾನ್ ಬರೆಯುತ್ತಾರೆ. ಓಸಿಟಿ ಎಂದರೆ ಬೆಳಕಿನಿಂದ ನರದ ದಪ್ಪ ಅಳೆಯುವುದು, ನಿಮಿಷದಲ್ಲಿ ಮುಗಿಯುತ್ತದೆ. ಫೀಲ್ಡ್ ಟೆಸ್ಟ್‌ನಲ್ಲಿ ಮಾತ್ರ ನಾವು ಕೆಲಸ ಮಾಡಬೇಕು. ಒಂದು ಕಣ್ಣು ಮುಚ್ಚಿ, ಬಿಳಿ ಬೋಗುಣಿಯಂಥದ್ದರ ಮುಂದೆ ಗಲ್ಲ ಇಟ್ಟು, ನಡುವಿನ ಬೆಳಕನ್ನೇ ನೋಡುತ್ತಿರಬೇಕು. ಸುತ್ತ ಅಲ್ಲಲ್ಲಿ ಮಿಣುಕು ಹುಳದಷ್ಟು ಬೆಳಕು ಮಿಂಚಿದಾಗ ಕೈಯಲ್ಲಿರುವ ಗುಂಡಿ ಒತ್ತಬೇಕು. ಕೆಲವು ಬೆಳಕು ಯಾರಿಗೂ ಕಾಣದಷ್ಟು ಮಂದವಾಗಿಯೇ ಇರುತ್ತವೆ, ಕಾಣಲಿಲ್ಲವೆಂದು ಗಾಬರಿಯಾಗಿ ಸುಮ್ಮನೆ ಒತ್ತಬೇಡಿ. ಕಣ್ಣು ಮಿಟುಕಿಸಬಹುದು. ಮೊದಲ ಸಲ ನನ್ನ ಟೆಸ್ಟ್ ಸರಿಬರಲಿಲ್ಲ. ಬೆಳಗ್ಗೆ ನಾಲ್ಕಕ್ಕೆ ಎದ್ದು ಬಸ್ಸಿನಲ್ಲಿ ಹೋಗಿ, ತಿಂಡಿ ತಿನ್ನದೆ ಕೂತಿದ್ದೆ, ನಡುವೆ ತೂಕಡಿಕೆ ಬಂತು. ಮತ್ತೊಂದು ದಿನ ಹೋಗಿ ಮಾಡಿಸಬೇಕಾಯಿತು. ತಿಂಡಿ ತಿಂದು, ಸ್ವಲ್ಪ ಕೂತು ಸುಧಾರಿಸಿಕೊಂಡು, ಪಾಪೆ ಹಿಗ್ಗಿಸುವ ಹನಿ ಹಾಕುವ ಮೊದಲೇ ಮಾಡಿಸಿಕೊಳ್ಳಿ.

ಮಡಿಕೇರಿಯ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ಕಣ್ಣಿನ ವಿಭಾಗವಿದೆ, ಮೊದಲು ಅಲ್ಲಿಂದಲೇ ಶುರುಮಾಡಬಹುದು. ಮುಂದೆ ಬೇಕಾದರೆ ನಮ್ಮ ಕಡೆಯವರು ಕುಶಾಲನಗರ, ಹುಣಸೂರು ದಾಟಿ ಮೈಸೂರಿಗೆ, ಸಂಪಾಜೆ ಕಡೆಯವರು ಮಂಗಳೂರಿಗೆ ಹೋಗುತ್ತಾರೆ. ಬೆಂಗಳೂರಿನಲ್ಲಿ ಸರ್ಕಾರದ ಮಿಂಟೋ ಕಣ್ಣಿನ ಆಸ್ಪತ್ರೆ ಇದೆ. ಎಲ್ಲಿಗೆ ಹೋದರೂ ಗಾಡಿಯನ್ನು ನೀವೇ ಓಡಿಸಿಕೊಂಡು ಹೋಗಬೇಡಿ. ಪಾಪೆ ಹಿಗ್ಗಿಸಿದ ಮೇಲೆ ನಾಲ್ಕೈದು ಗಂಟೆ ಬಿಸಿಲು ಕಣ್ಣಿಗೆ ಚುಚ್ಚುತ್ತದೆ, ಹತ್ತಿರದ್ದು ಮಸುಕಾಗುತ್ತದೆ. ಆ ಕಣ್ಣಿನಲ್ಲಿ ತಿತಿಮತಿ ಕಾಡಿನ ರಸ್ತೆಯಲ್ಲಾಗಲಿ ಮಡಿಕೇರಿಯ ತಿರುವಿನಲ್ಲಾಗಲಿ ಸ್ಟೇರಿಂಗ್ ಹಿಡಿಯಬಾರದು. ಜೊತೆಗೊಬ್ಬರು ಇರಲಿ. ಹಳೆಯ ಚೀಟಿ, ಈಗಿನ ಕನ್ನಡಕ, ತೆಗೆದುಕೊಳ್ಳುವ ಎಲ್ಲ ಮಾತ್ರೆಗಳ ಪಟ್ಟಿ ಚೀಲದಲ್ಲಿರಲಿ. ಉಬ್ಬಸ ಅಥವಾ ಹೃದಯದ ತೊಂದರೆ ಇದ್ದರೆ ತಪ್ಪದೆ ಹೇಳಿ, ಏಕೆಂದರೆ ಪ್ರೆಶರ್ ಇಳಿಸಲು ಕೊಡುವ ಟಿಮೊಲಾಲ್ ಎಂಬ ಡ್ರಾಪ್ಸ್ ಉಬ್ಬಸದವರಿಗೆ ಉಸಿರು ಕಟ್ಟಿಸಬಹುದು. ಕಣ್ಣಿಗೆ ಹಾಕುವುದು ತಾನೇ ಎಂದು ಸುಮ್ಮನಾಗಬೇಡಿ.

ಆಗಲೇ ಡ್ರಾಪ್ಸ್ ಹಾಕುತ್ತಿರುವವರು ತಪಾಸಣೆಯ ದಿನವೂ ಹಾಕಿಕೊಂಡೇ ಹೋಗಿ. ಮದ್ದಿನ ಮೇಲೆ ಪ್ರೆಶರ್ ಎಷ್ಟಿದೆ ಎಂಬುದನ್ನೇ ಅವರು ನೋಡಬೇಕಾಗಿರುವುದು.

ಹನಿ ಹಾಕಿಕೊಳ್ಳುವ ಕ್ರಮ

ಇದನ್ನು ಯಾರೂ ಕೂರಿಸಿಕೊಂಡು ಹೇಳಿಕೊಡುವುದಿಲ್ಲ, ಆದರೆ ಚಿಕಿತ್ಸೆ ನಿಂತಿರುವುದೇ ಇದರ ಮೇಲೆ. ಕೈ ತೊಳೆಯಿರಿ. ತಲೆ ಹಿಂದಕ್ಕೆ ಬಾಗಿಸಿ, ಅಥವಾ ಮಂಚದ ಮೇಲೆ ಮಲಗಿಬಿಡಿ. ಒಂದು ಬೆರಳಿನಿಂದ ಕೆಳರೆಪ್ಪೆಯನ್ನು ಕೆಳಗೆಳೆದರೆ ಸಣ್ಣ ಜೇಬಿನಂತೆ ಆಗುತ್ತದೆ. ಸೂರಿನ ಕಡೆ ನೋಡುತ್ತಾ ಆ ಜೇಬಿಗೆ ಒಂದೇ ಹನಿ ಬಿಡಿ. ಬಾಟಲಿಯ ತುದಿ ಕಣ್ಣಿಗೂ ರೆಪ್ಪೆಗೂ ತಾಗಬಾರದು. ಕೈ ನಡುಗುವವರು ಬಾಟಲಿ ಹಿಡಿದ ಕೈಯನ್ನು ಹಣೆಯ ಮೇಲೆ ಊರಿಕೊಳ್ಳಿ. ಎರಡು ಹನಿ ಹಾಕಿದರೆ ಎರಡರಷ್ಟು ಕೆಲಸವಾಗುವುದಿಲ್ಲ, ಕಣ್ಣು ಹಿಡಿಯುವುದೇ ಒಂದು ಹನಿ, ಉಳಿದದ್ದು ಕೆನ್ನೆಗೆ.

ಹನಿ ಬಿದ್ದ ಮೇಲೆ ಕಣ್ಣನ್ನು ಮೆಲ್ಲಗೆ ಮುಚ್ಚಿ, ಮೂಗಿನ ಪಕ್ಕದ ಕಣ್ಣಿನ ಮೂಲೆಯನ್ನು ಬೆರಳಿನಿಂದ ಎರಡು ನಿಮಿಷ ಒತ್ತಿ ಹಿಡಿಯಿರಿ. ಅಲ್ಲಿ ಕಣ್ಣಿನಿಂದ ಮೂಗಿಗೆ ಇಳಿಯುವ ದಾರಿಯಿದೆ. ನನ್ನ ಎರಡನೇ ಡ್ರಾಪ್ಸ್ ಹಾಕಿದಾಗಲೆಲ್ಲ ನಾಲಿಗೆ ಕಹಿಯಾಗುತ್ತಿತ್ತು. ಮದ್ದು ಕಣ್ಣಿನಲ್ಲಿ ಉಳಿಯದೆ ಗಂಟಲಿಗೆ ಇಳಿಯುತ್ತಿದೆ ಎಂದು ಅದರಿಂದಲೇ ತಿಳಿಯಿತು. ಒತ್ತಿ ಹಿಡಿಯಲು ಶುರುಮಾಡಿದ ಮೇಲೆ ಕಹಿ ಬಹುಪಾಲು ಹೋಯಿತು. ಎರಡು ಬಗೆಯ ಹನಿ ಇದ್ದರೆ ನಡುವೆ ಐದು ನಿಮಿಷವಾದರೂ ಬಿಡಿ, ಇಲ್ಲವಾದರೆ ಎರಡನೆಯದು ಮೊದಲಿನದನ್ನು ತೊಳೆದುಬಿಡುತ್ತದೆ.

ಬಾಟಲಿ ತೆರೆದ ದಿನ ಅದರ ಮೇಲೆ ತಾರೀಖು ಬರೆಯಿರಿ, ಹೆಚ್ಚಿನವನ್ನು ಒಂದು ತಿಂಗಳಿಗೆ ಬಿಸಾಡಬೇಕು. ಲ್ಯಾಟನೊಪ್ರಾಸ್ಟ್‌ನಂಥ ರಾತ್ರಿಯ ಹನಿಗಳಲ್ಲಿ ಕೆಲವನ್ನು ತೆರೆಯುವವರೆಗೆ ಫ್ರಿಜ್‌ನಲ್ಲಿಡಬೇಕು, ಡಬ್ಬಿಯ ಮೇಲೆ ಬರೆದಿರುತ್ತದೆ. ಬಚ್ಚಲೊಲೆಯ ಮೇಲಿನ ಗೂಡಿನಲ್ಲಿ, ಜೀಪಿನ ಡ್ಯಾಶ್‌ಬೋರ್ಡ್ ಮೇಲೆ ಇಡಬೇಡಿ. ಈ ಹನಿಯಿಂದ ರೆಪ್ಪೆಗೂದಲು ಉದ್ದವಾಗುತ್ತದೆ, ಕಣ್ಣಿನ ಸುತ್ತ ಸ್ವಲ್ಪ ಕಪ್ಪಾಗುತ್ತದೆ, ಮೊದಮೊದಲು ಕೆಂಪಾಗುತ್ತದೆ. ಅದಕ್ಕೆ ಹೆದರಿ ನೀವೇ ನಿಲ್ಲಿಸಬೇಡಿ, ಡಾಕ್ಟರಿಗೆ ಹೇಳಿ.

ಹನಿ ಹಾಕಿದರೆ ದೃಷ್ಟಿ ಚುರುಕಾಗುವುದಿಲ್ಲ. ಉಳಿದದ್ದು ಉಳಿಯುತ್ತದೆ, ಅಷ್ಟೇ. ಇದು ಗೊತ್ತಿಲ್ಲದೆ "ಏನೂ ಉಪಯೋಗ ಕಾಣಲಿಲ್ಲ" ಎಂದು ಎರಡನೇ ತಿಂಗಳಿಗೇ ಬಿಟ್ಟವರನ್ನು ನಾನು ಬಲ್ಲೆ. ಅವರಲ್ಲಿ ಒಬ್ಬರು ನಮ್ಮ ತೋಟದ ಹಳೆಯ ಮೇಸ್ತ್ರಿ. ಈಗ ಮೊಮ್ಮಗನ ಕೈ ಹಿಡಿದು ಸಂತೆಗೆ ಬರುತ್ತಾರೆ.

ಮಳೆಗಾಲಕ್ಕೆ ಮುಂಚೆಯೇ ದಾಸ್ತಾನು ಮಾಡಿಕೊಳ್ಳಿ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಮಾದಾಪುರ, ಮಕ್ಕಂದೂರು ಕಡೆಯೆಲ್ಲ ರಸ್ತೆಯೇ ಇಲ್ಲದಂತಾದಾಗ ನನ್ನ ಬಾಟಲಿಯಲ್ಲಿ ನಾಲ್ಕು ದಿನದ್ದು ಮಾತ್ರ ಉಳಿದಿತ್ತು. ಹನ್ನೊಂದು ದಿನ ಹನಿಯಿಲ್ಲದೆ ಕಳೆದೆ. ಊರೇ ಮನೆ ಕಳೆದುಕೊಂಡಿದ್ದಾಗ ಕಣ್ಣಿನ ಹನಿ ಎಂದು ಯಾರನ್ನು ಕೇಳಲಿ ಎಂದು ಸುಮ್ಮನಿದ್ದೆ. ಆಮೇಲೆ ನೋಡಿದಾಗ ಎಡಗಣ್ಣು ಮತ್ತೆ 27ಕ್ಕೆ ಏರಿತ್ತು. ಈಗ ಮೇ ಕೊನೆಯಲ್ಲಿ ಅಕ್ಕಿ, ಸೌದೆಯ ಜೊತೆಗೆ ಮೂರು ತಿಂಗಳ ಡ್ರಾಪ್ಸೂ ಬಂದುಬಿಡುತ್ತದೆ. ಖರ್ಚು ಭಾರವಾದರೆ ಮದ್ದಿನ ಮೂಲ ಹೆಸರನ್ನು ಡಾಕ್ಟರ ಹತ್ತಿರ ಬರೆಸಿಕೊಂಡು ಜನೌಷಧಿ ಕೇಂದ್ರದಲ್ಲಿ ವಿಚಾರಿಸಿ. ಹನಿ ಸಾಲದಿದ್ದರೆ ಲೇಸರ್ ಇದೆ, ಆಪರೇಷನ್ ಇದೆ. ಅವೂ ಪ್ರೆಶರ್ ಇಳಿಸುತ್ತವೆಯೇ ಹೊರತು ಹೋದದ್ದನ್ನು ತರುವುದಿಲ್ಲ.

ಎಲ್ಲರೂ ಕೇಳುವ ಪ್ರಶ್ನೆ, ಕಾಫಿ ಬಿಡಬೇಕಾ? ದಿನಕ್ಕೆ ಒಂದೆರಡು ಲೋಟ ಕುಡಿಯುವವರು ಬಿಡಬೇಕಾಗಿಲ್ಲ ಎಂದು ನನ್ನ ಡಾಕ್ಟರು ಹೇಳಿದರು. ಬಿಡಲು ಹೇಳಿದ್ದು ಶೀರ್ಷಾಸನವನ್ನು. ತಲೆ ಕೆಳಗಾದರೆ ಕಣ್ಣಿನ ಪ್ರೆಶರ್ ಆ ಹೊತ್ತಿಗೆ ಬಹಳ ಏರುತ್ತದೆ.

ರಾತ್ರಿಯೇ ಹೊರಡಬೇಕಾದ ಸಂದರ್ಭ

ಮೇಲೆ ಹೇಳಿದ್ದು ನಿಧಾನದ ಗ್ಲಾಕೋಮಾ. ಇನ್ನೊಂದು ಬಗೆ ಇದೆ, ಬಸಿಯುವ ಮೂಲೆ ಒಮ್ಮೆಲೇ ಮುಚ್ಚಿಕೊಳ್ಳುವಂಥದ್ದು. ಒಂದು ಕಣ್ಣು ಕೆಂಪಾಗಿ ಸಿಡಿಯುವಂತೆ ನೋಯುತ್ತದೆ, ಅದೇ ಕಡೆ ತಲೆ ಒಡೆಯುತ್ತದೆ, ಬಲ್ಬಿನ ಸುತ್ತ ಕಾಮನಬಿಲ್ಲಿನ ಬಳೆ ಕಾಣುತ್ತದೆ, ದೃಷ್ಟಿ ಮಸುಕಾಗುತ್ತದೆ, ವಾಂತಿಯಾಗುತ್ತದೆ. ವಾಂತಿ ನೋಡಿ ಮನೆಯವರು ಪಿತ್ತ ಎಂದು ಶುಂಠಿ ಕಷಾಯ ಕೊಟ್ಟು ಮಲಗಿಸುತ್ತಾರೆ. ಬೆಳಗಿನ ಬಸ್ಸಿಗೆ ಕಾಯಬೇಡಿ. ಜೀಪು ಹಿಡಿದು ಆಗಲೇ ಹೊರಡಿ, "ಕಣ್ಣಿನ ಪ್ರೆಶರ್ ಇರಬಹುದು" ಎಂದು ಬಾಗಿಲಲ್ಲೇ ಹೇಳಿ. ತಡವಾದಷ್ಟೂ ನರ ಸಾಯುತ್ತದೆ, ಒಂದೆರಡು ದಿನದಲ್ಲೇ ಆ ಕಣ್ಣು ಪೂರ್ತಿ ಹೋಗಬಹುದು. ಮೂಲೆ ಕಿರಿದಾಗಿದೆ ಎಂದು ಮೊದಲೇ ಗೊತ್ತಾದರೆ ಲೇಸರಿನಿಂದ ಒಂದು ಸಣ್ಣ ರಂಧ್ರ ಮಾಡಿ ಇದನ್ನು ತಡೆಯಬಹುದು. ಅರಕಲಗೂಡಿನಲ್ಲಿರುವ ನನ್ನ ಅಕ್ಕನದ್ದು ಹಾಗೇ ಮೊದಲೇ ಗೊತ್ತಾಯಿತು. ನನಗೆ ಕಾಯಿಲೆ ಸಿಕ್ಕ ಮೇಲೆ ಅವಳನ್ನು ಕರೆದುಕೊಂಡು ಹೋಗಿದ್ದೆ. ಪ್ರೆಶರ್ ಸರಿಯಿತ್ತು, ಮೂಲೆ ಕಿರಿದಾಗಿತ್ತು. ಲೇಸರ್ ಮಾಡಿಸಿಕೊಂಡು ಅದೇ ಸಂಜೆ ಮನೆಗೆ ಹೋದಳು.

ತಮ್ಮನೇ ತಡಮಾಡಿದ್ದು. "ನನಗೆ ಚೆನ್ನಾಗಿ ಕಾಣ್ತದಲ್ಲಣ್ಣ" ಎನ್ನುತ್ತಲೇ ಏಳು ವರ್ಷ ಕಳೆದ. ನಾನು ಮಳೆ ಪುಸ್ತಕ ತೆಗೆದು ತೋರಿಸಿದೆ. ಅದರ ಕೊನೆಯ ಪುಟಗಳಲ್ಲಿ 2015ರಿಂದ ನನ್ನ ಪ್ರೆಶರ್ ಬರೆದಿದೆ: ತಾರೀಖು, ಬಲ, ಎಡ, ಯಾವ ಹನಿ, ಫೀಲ್ಡ್ ಟೆಸ್ಟ್ ಯಾವಾಗ. 26, 31ರಿಂದ 17, 18ಕ್ಕೆ ಇಳಿದದ್ದು, 2018ರಲ್ಲಿ ಏರಿದ್ದು, ಮತ್ತೆ ಇಳಿದದ್ದು ಎಲ್ಲವೂ ಇದೆ. ನೀವೂ ಹೀಗೊಂದು ಪುಟ ಇಟ್ಟುಕೊಳ್ಳಿ. ಡಾಕ್ಟರು ಬದಲಾದರೂ ಆ ಪುಟ ಬದಲಾಗುವುದಿಲ್ಲ. ತಮ್ಮ ಬಹಳ ಹೊತ್ತು ಪುಟ ತಿರುವುತ್ತಾ ಕೂತಿದ್ದ. ಆಮೇಲೆ, "ಅವ್ವನದ್ದೂ ಹೀಗೆ ಬರೆದಿದ್ರೆ" ಎಂದ.

ಅವನ ಪ್ರೆಶರ್ 24, ಎರಡೂ ನರ ಸದ್ಯಕ್ಕೆ ಗಟ್ಟಿಯಾಗಿವೆ. ಹನಿ ಬೇಡ, ಆರು ತಿಂಗಳಿಗೊಮ್ಮೆ ಬನ್ನಿ ಎಂದಿದ್ದಾರೆ. ನನ್ನ ಪುಟದ ಎದುರಿನ ಪುಟವನ್ನು ಅವನಿಗೆ ಬಿಟ್ಟಿದ್ದೇನೆ. ಮುಂದಿನ ಸರದಿ ಮಾರ್ಚ್‌ನಲ್ಲಿದೆ, ಕೊಯ್ಲು ಮುಗಿದಿರುತ್ತದೆ, ಹೂಮಳೆ ಬಂದಿರಲಿ ಬರದಿರಲಿ ಆ ದಿನ ಇಬ್ಬರೂ ಬೆಳಗಿನ ಬಸ್ಸಿಗೆ ಹೊರಡುತ್ತೇವೆ.